ಕೇಳದೆ ಬರೆದ ನಾನೂರು ಉತ್ತರ

ಇಪ್ಪತ್ತೈದು ವರ್ಷಗಳ ಹಿಂದೆ, ಉಡುಪಿಯಿಂದ ಮುಂಬಯಿಗೆ ಬರುತ್ತಿದ್ದ ರೈಲು ರತ್ನಾಗಿರಿ ಸ್ಟೇಶನ್ನಿನಲ್ಲಿ ನಿಂತಿದ್ದಾಗ, ದೂಜ ತನ್ನ ಹನ್ನೊಂದು ದಿನದ ಹೆಂಡತಿ ನೀಲಾವತಿಗೆ ಒಂದು ಮಾತು ಕೊಟ್ಟ.

"ಇನ್ನು ಮುಂದೆ ನಿನ್ನನ್ನು ಕೇಳದೆ ನಾನು ಎಂತದೂ ಮಾಡುವುದಿಲ್ಲ."

ಹೀಗೆ ಹೇಳುವಾಗ ಅವನ ಎರಡು ಕೈಯಲ್ಲಿ ಎರಡು ವಡಾಪಾವ್ ಇದ್ದವು. ಹೆಂಡತಿಗೆ ಹಸಿವುಂಟೇ, ಖಾರ ಆಗುತ್ತದೆಯೇ ಎಂದು ಕೇಳದೆ ಪ್ಲಾಟ್‌ಫಾರ್ಮಿಗೆ ಇಳಿದು ತಂದಿದ್ದ. ನೀಲಾವತಿ ಕಣ್ಣಲ್ಲಿ ನೀರು ತುಂಬಿಕೊಂಡು ಪೂರ್ತಿ ತಿಂದಳು. ತವರಿನ ನೆನಪಾಗಿರಬೇಕು ಎಂದು ದೂಜ ತಿಳಿದ. ಅದು ಹಸಿಮೆಣಸು.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಈ ದಂಪತಿ ಮನೆಯಲ್ಲಿ ಮಾತಾಡುವುದು ತುಳು. ಓದುವವರ ಅನುಕೂಲಕ್ಕೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಜಗಳದ ಜಾಗದಲ್ಲಿ ರುಚಿ ಸ್ವಲ್ಪ ಕಡಿಮೆಯಾದರೆ ಅದು ಅವರ ತಪ್ಪಲ್ಲ.

ಮಾತು ಮುರಿದದ್ದರಲ್ಲಿ ದೂಜನ ತಪ್ಪೂ ಇಲ್ಲ. ಕೇಳುವುದು ಅವನ ಕಸುಬಿನಲ್ಲೇ ಇರಲಿಲ್ಲ. ಮಾಟುಂಗದ ಹೋಟೆಲ್ ಪದ್ಮವಿಲಾಸದಲ್ಲಿ ಅವನು ಮೂವತ್ತೊಂದು ವರ್ಷದಿಂದ ವೇಟರು. ಈ ಮೂವತ್ತೊಂದು ವರ್ಷಗಳಲ್ಲಿ ಒಬ್ಬ ಗಿರಾಕಿಯನ್ನೂ "ಏನು ಬೇಕು?" ಎಂದು ಕೇಳಿದವನಲ್ಲ. ನೀವು ಒಳಗೆ ಬರುತ್ತೀರಿ, ಕೂರುತ್ತೀರಿ, ಕರ್ಚೀಫು ತೆಗೆದು ಕುತ್ತಿಗೆ ಒರೆಸುತ್ತೀರಿ. ಕರ್ಚೀಫು ಜೇಬಿಗೆ ವಾಪಸು ಹೋಗುವಷ್ಟರಲ್ಲಿ ನಿಮ್ಮ ಮನಸ್ಸಿನಲ್ಲಿದ್ದದ್ದು ಮೇಜಿನ ಮೇಲಿರುತ್ತದೆ. ಮನಸ್ಸಿನಲ್ಲಿ ಏನೂ ಇರದಿದ್ದರೆ ಏನು ಇರಬೇಕಾಗಿತ್ತೋ ಅದು ಇರುತ್ತದೆ.

ನಿವೃತ್ತ ಬ್ಯಾಂಕ್ ಅಧಿಕಾರಿ ಈಶ್ವರ ರಾಯರು ಹತ್ತೊಂಬತ್ತು ವರ್ಷ ಬೆಳಿಗ್ಗೆ ಏಳೂಕಾಲಕ್ಕೆ ರವೆ ಇಡ್ಲಿ ತಿಂದವರು. ಒಂದು ದಿನ ದೂಜ ಅವರ ಮುಂದೆ ಇಡ್ಲಿಯ ಬದಲು ಬಿಸಿ ಕಷಾಯ ಇಟ್ಟು ಹೋದ. ರಾಯರು ಸಿಟ್ಟಿನಲ್ಲೇ ಕುಡಿದರು. ಸಂಜೆ ನೂರೆರಡು ಜ್ವರ. ಜಗಳವಾಡಿ ಬಂದು ಮುಖ ತಿರುಗಿಸಿ ಕೂತ ಗಂಡ ಹೆಂಡತಿಗೆ ಒಂದೇ ತಟ್ಟೆ, ಎರಡು ಚಮಚ ತಂದಿಟ್ಟು ಹೋದವನೂ ಇವನೇ. ಆ ದಂಪತಿ ಈಗ ಮೊಮ್ಮಗನನ್ನು ಕರೆದುಕೊಂಡು ಬರುತ್ತಾರೆ. ಬೈಕುಲ್ಲಾದ ತರಕಾರಿ ಮಾರ್ಕೆಟಿನಲ್ಲಿ ಹಮಾಲರ ಮೇಸ್ತ್ರಿ, ಮುಕಾದಮನಾಗಿರುವ ವಿಜಯಪುರ ಕಡೆಯ ಹಣಮಂತ ತನ್ನ ರಜೆಯ ದಿನ ತಪ್ಪದೆ ಬರುತ್ತಿದ್ದ. "ಬಾಯಿ ತಗದು ಕೇಳಿ ತಿನ್ನೂದಾದ್ರ ಮಾರ್ಕೆಟ್‌ನಾಗ ತಿಂತಿದ್ನಿ. ಇಲ್ಲಿ ದೇವಸ್ಥಾನದಾಗ ಕುಂತಂಗ ಕುಂತರ ಸಾಕು," ಎನ್ನುತ್ತಿದ್ದ.

ಇಂಥ ದೇವಸ್ಥಾನಕ್ಕೆ ಧನರಾಜ ಶೆಟ್ಟರು ಎರಡನೇ ತಲೆಮಾರಿನ ಮಾಲೀಕರು. ಪದ್ಮವಿಲಾಸದಲ್ಲಿ ತಂದೆಯ ಕಾಲದ ಅಮೃತಶಿಲೆಯ ಉದ್ದನೆಯ ಮೇಜುಗಳು. ಖಾಲಿ ಕುರ್ಚಿ ಎಲ್ಲಿದೆಯೋ ಅಲ್ಲಿ ಕೂರಬೇಕು. ಎದುರಿಗೆ ಜಡ್ಜ್ ಇರಬಹುದು, ಜಾಡಮಾಲಿ ಇರಬಹುದು. ಆ ಮೇಜುಗಳನ್ನು ತೆಗೆಸಿ ಇಬ್ಬಿಬ್ಬರು ಕೂರುವ ಪುಟ್ಟ ಮೇಜು, ಮೇಲೆ ನೇತಾಡುವ ದೀಪ ಹಾಕಿಸಬೇಕೆಂದು ಧನರಾಜ ಶೆಟ್ಟರಿಗೆ ಆಸೆ. ಆದರೆ ಮಾಟುಂಗದ ಜನ ಬೈಯುತ್ತಾರೆಂಬ ಭಯ. ಅದಕ್ಕೇ ಲೋವರ್ ಪರೇಲಿನ ಒಂದು ಕಮ್ಯುನಿಕೇಶನ್ ಏಜೆನ್ಸಿಯನ್ನು ಹಿಡಿದರು.

"ನಾನು ತೆಗೆಸಿದೆ ಅಂದ್ರೆ ಬೈತಾರೆ," ಎಂದು ಅವರು ಗಲ್ಲಾದಲ್ಲಿ ಕೂತು ವಿವರಿಸಿದರು. "ಜನ ತೆಗೆಸಿದ್ರು ಅಂದ್ರೆ ಪೇಪರಿನಲ್ಲಿ ಬರ್ತದೆ."

ಆ ಏಜೆನ್ಸಿಯಲ್ಲಿ ದೂಜನ ಮಗಳು ಯಕ್ಷಿತಾ ಆರು ತಿಂಗಳ ಪ್ರೊಬೇಷನ್ ಮೇಲೆ ಕೆಲಸಕ್ಕಿದ್ದಳು. ಐದು ತಿಂಗಳು ಮುಗಿದಿತ್ತು. ಈ ಕೆಲಸ ಸರಿಯಾದರೆ ನೌಕರಿ ಖಾಯಂ, ಕೆಟ್ಟರೆ ಮನೆಗೆ ಎಂದು ಅವಳ ಮೇಲಿನ ಅಧಿಕಾರಿ ಶೀತಲ್ ಮೇಡಂ ಮೊದಲೇ ಹೇಳಿದ್ದರು. ಕಟುವಾಗಿ ಹೇಳಿದ್ದಲ್ಲ, ಹವಾಮಾನ ವರದಿ ಓದಿದ ಹಾಗೆ ಹೇಳಿದ್ದು. ಅದಕ್ಕೇ ಹೆಚ್ಚು ಭಯವಾಗಿತ್ತು.

ಏಜೆನ್ಸಿ ಹೇಳಿದ್ದಿಷ್ಟು: ಮೊದಲು ಜನಮತ ಸಮೀಕ್ಷೆ. ಹನ್ನೊಂದು ಪ್ರಶ್ನೆ, ನಾನೂರು ಗಿರಾಕಿಗಳು. ಏಳನೇ ಪ್ರಶ್ನೆಯನ್ನು ಧನರಾಜ ಶೆಟ್ಟರು ತಾವೇ ಬರೆದುಕೊಟ್ಟರು: "ಯಾರೋ ಅಪರಿಚಿತರು ಎದುರಿಗೇ ಕೂತು ಸೊರ್ ಸೊರ್ ಅಂತ ಸಾಂಬಾರು ಕುಡಿಯುವಾಗ ನಿಮಗೆ ಅಸಹ್ಯವಾಗುವುದಿಲ್ಲವೇ?" ಶೀತಲ್ ಮೇಡಂ ಅದನ್ನು ಓದಿ, ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದು, "ಪ್ರಶ್ನೆಯೇ ಉತ್ತರ ಹೇಳಿಕೊಟ್ಟರೆ ಜನ ಯಾಕೆ ಬೇಕು?" ಎಂದರು. ಆಮೇಲೆ ಅದು ಹೀಗಾಯಿತು: "ಒಂದೇ ಮೇಜಿನಲ್ಲಿ ಬೇರೆಯವರ ಜೊತೆ ಕೂರುವುದು ನಿಮಗೆ ಇಷ್ಟವೇ? ಹೌದು, ಇಲ್ಲ, ಗೊತ್ತಿಲ್ಲ."

ಸಮೀಕ್ಷೆಯವರು ಎರಡು ದಿನ ಹೋಟೆಲಿನ ಬಾಗಿಲಲ್ಲಿ ಟ್ಯಾಬ್ ಹಿಡಿದು ನಿಂತರು. ಹಸಿದು ಒಳಗೆ ಹೋಗುವವನು ನಿಲ್ಲಲಿಲ್ಲ. ತಿಂದು ಹೊರಗೆ ಬಂದವನು ಲೋಕಲ್ ಹಿಡಿಯಲು ಓಡಿದ. ಎರಡು ದಿನಕ್ಕೆ ಸಿಕ್ಕಿದ್ದು ಮೂರು ಉತ್ತರ. ಅದರಲ್ಲೊಂದು ಪಾರ್ಸೆಲ್ ಒಯ್ಯಲು ಬಂದ ಡೆಲಿವರಿಯವನದು.

ಮೂರನೇ ದಿನ ಮಧ್ಯಾಹ್ನ ಯಕ್ಷಿತಾ ನಾನೂರು ಫಾರಮ್ಮುಗಳ ಕಟ್ಟನ್ನು ವಡಾಳದ ಚಾಳಿನ ತಮ್ಮ ರೂಮಿಗೆ ಹೊತ್ತುಕೊಂಡು ಬಂದಳು. ದೂಜನದು ಬೆಳಗಿನ ಪಾಳಿ. ಮೂರು ಗಂಟೆಗೆ ಮನೆಯಲ್ಲಿರುತ್ತಾನೆ. ಕೈಯಲ್ಲಿ ಎಂದಿನಂತೆ ನೀಲಾವತಿಗೆಂದು ಪೈನಾಪಲ್ ಶೀರಾದ ಪಾರ್ಸೆಲ್ ಇತ್ತು. ಅವಳಿಗೆ ಶೀರಾ ಎಂದರೆ ಪ್ರಾಣ ಎಂದು ಅವನಿಗೆ ಗೊತ್ತಿತ್ತು.

"ಪಪ್ಪಾ, ಸಿಂಪಲ್ ಇದೆ," ಎಂದಳು ಯಕ್ಷಿತಾ. "ನಿಮ್ಮನ್ನ ಎಲ್ರಿಗೂ ಪಹಚಾನ್ ಇದೆ ಅಲ್ವಾ? ನೀವು ಓನ್ಲಿ ಪ್ರಶ್ನೆ ಓದಬೇಕು, ಅವ್ರು ಏನ್ ಹೇಳ್ತಾರೆ ಅದು ಟಿಕ್ ಮಾಡ್ಬೇಕು. ಬಸ್."

"ನಾನೂರು ಸಾಕಾ? ನಮ್ಮಲ್ಲಿ ದಿನಕ್ಕೆ ಎರಡು ಸಾವಿರ ಜನ ಬರ್ತಾರೆ."

"ಬರೋಬರ್ ಆರಿಸಿದ್ರೆ ಸಾಕು. ಮುದುಕರು, ಸ್ಟೂಡೆಂಟ್ಸು, ಲೇಡೀಸು, ಹೌಸ್‌ವೈಫ್ಸು, ಎಲ್ರೂ ಅಲ್ಲಿ ಎಷ್ಟು ಬರ್ತಾರೋ ಅಷ್ಟೇ ಹಿಸಾಬಲ್ಲಿ ಇರ್ಬೇಕು. ಆಮೇಲೆ ಐದು ಪರ್ಸೆಂಟ್ ಮೇಲೆ ಕೆಳಗೆ ಆಗ್ಬಹುದು. ಜ್ಯಾದಾ ಇಲ್ಲ."

ದೂಜ ಕಟ್ಟನ್ನು ಕೈಯಲ್ಲಿ ಎತ್ತಿ ತೂಗಿ ನೋಡಿದ. ಇಡೀ ಮಾಟುಂಗದ ಮನಸ್ಸು ನಾನೂರು ಹಾಳೆಯಲ್ಲಿ, ಅದೂ ನೂರಕ್ಕೆ ಐದು ಮಾತ್ರ ಹೆಚ್ಚು ಕಡಿಮೆ. ಹೋಟೆಲಿನ ಮಸಾಲೆದೋಸೆಯ ಪಲ್ಯವೂ ಅಷ್ಟು ಲೆಕ್ಕವಾಗಿ ಬೀಳುವುದಿಲ್ಲ. ತನ್ನಂತೆಯೇ ಜನರ ಮುಖ ನೋಡಿ ಮನಸ್ಸು ತಿಳಿಯುವ ಒಂದು ವಿದ್ಯೆ ಪ್ರಪಂಚದಲ್ಲುಂಟು, ಅದಕ್ಕೆ ಆಫೀಸುಂಟು, ಅದರಲ್ಲಿ ತನ್ನ ಮಗಳು ಕೆಲಸ ಮಾಡುತ್ತಾಳೆ ಎಂಬುದನ್ನು ನೆನೆದು ಅವನ ತೋಳಿನ ರೋಮ ನಿಂತವು.

ಮೂಲೆಯಲ್ಲಿ ಬಸಳೆ ಬಿಡಿಸುತ್ತಿದ್ದ ನೀಲಾವತಿ ತಲೆಯೆತ್ತದೆ ಕೇಳಿದಳು. "ಮನೆಯಲ್ಲಿ ಮೂರು ಜನ ಇದ್ರೆ ಎಷ್ಟು ಜನರನ್ನು ಕೇಳ್ಬೇಕು?"

ಅಪ್ಪ ಮಗಳು ಫಾರಮ್ಮು ಎಣಿಸತೊಡಗಿದರು. ಅವಳು ಸಮೀಕ್ಷೆಯ ಹೊರಗಿನವಳು.

ಮರುದಿನ ಬೆಳಿಗ್ಗೆ ಏಳೂಕಾಲಕ್ಕೆ, ಕಿವಿಯಲ್ಲಿ ಪೆನ್ನು ಸಿಕ್ಕಿಸಿಕೊಂಡು, ಕೈಯಲ್ಲಿ ರಟ್ಟು ಹಿಡಿದು, ದೂಜ ಈಶ್ವರ ರಾಯರ ಮುಂದೆ ನಿಂತ. ಗಂಟಲು ಸರಿ ಮಾಡಿಕೊಂಡ.

"ರಾಯರೇ, ಒಂದು ಪ್ರಶ್ನೆ. ನಿಮಗೆ ಇಲ್ಲಿಯ ಯಾವ ತಿಂಡಿ ಇಷ್ಟ?"

ರಾಯರ ಚಮಚ ಬಾಯಿಯ ಹತ್ತಿರ ನಿಂತಿತು. ಅವರು ಅದನ್ನು ನಿಧಾನವಾಗಿ ತಟ್ಟೆಗೆ ಇಳಿಸಿದರು.

"ದೂಜ, ನನ್ನ ಮುಖ ನೋಡು," ಎಂದರು. "ಸ್ವಲ್ಪ ನಗು. ಆಯಿತು. ಈಗ ಎರಡೂ ಕೈ ಮೇಲೆತ್ತು."

"ಎಂತಕ್ಕೆ ರಾಯರೇ?"

"ಎತ್ತು ಅಂದೆ. ನನ್ನ ತಮ್ಮನಿಗೂ ಲಕ್ವ ಹೀಗೇ ಶುರುವಾಗಿದ್ದು. ಬೆಳಿಗ್ಗೆ ಎದ್ದವನು ಹೆಂಡತಿಯನ್ನು ನೀನ್ಯಾರು ಅಂದ."

ದೂಜ ರಟ್ಟು ಸಮೇತ ಎರಡೂ ಕೈ ಎತ್ತಿದ. ಹೋಟೆಲು ಪೂರ್ತಿ ನೋಡಿತು. ದೂಜ ಕೇಳಿದನಂತೆ ಎಂಬ ಸುದ್ದಿ ಅಡುಗೆಮನೆಗೆ ಹೋಗುವಷ್ಟರಲ್ಲಿ ದೂಜನಿಗೆ ಏನೂ ನೆನಪಿಲ್ಲವಂತೆ ಎಂದಾಗಿತ್ತು. ದೋಸೆಕಲ್ಲಿನ ಮುಂದಿನ ಅಡುಗೆಯವನು ಸೌಟು ಕೆಳಗಿಟ್ಟ. ಎರಡನೇ ಮೇಜಿನ ಕಾಲೇಜು ಮೇಡಂ ಒಬ್ಬರು, "ನಾನೇನು ತಪ್ಪು ಮಾಡಿದೆ, ನನ್ನನ್ನೂ ಕೇಳ್ತೀರಾ?" ಎಂದು ಕಣ್ಣು ತುಂಬಿಕೊಂಡರು. ಧನರಾಜ ಶೆಟ್ಟರು ಗಲ್ಲಾ ಬಿಟ್ಟು ಬಂದು, ದೂಜನನ್ನು ಕುರ್ಚಿಯಲ್ಲಿ ಕೂರಿಸಿ, ಕೈಯಾರೆ ಗ್ಲೂಕೋಸ್ ನೀರು ಕುಡಿಸಿದರು. ಮಾಲೀಕರು ವೇಟರಿಗೆ ನೀರು ಕೊಟ್ಟದ್ದು ಪದ್ಮವಿಲಾಸದ ಚರಿತ್ರೆಯಲ್ಲೇ ಮೊದಲು.

ಹೀಗೆ ಒಂದು ಪ್ರಶ್ನೆಗೇ ಇಷ್ಟಾದರೆ ಹನ್ನೊಂದಕ್ಕೆ ಎಷ್ಟಾಗಬೇಡ? ಆದರೆ ಮಗಳ ನೌಕರಿ. ದೂಜ ಆ ಮಧ್ಯಾಹ್ನ ಪಾಳಿ ಮುಗಿಸಿ ಹಿಂದಿನ ಸಾಮಾನು ಕೋಣೆಗೆ ಹೋದ. ತೆಂಗಿನಕಾಯಿ ರಾಶಿಯ ಪಕ್ಕದ ಅಕ್ಕಿ ಮೂಟೆಯ ಮೇಲೆ ಕೂತ. ಮೊದಲ ಫಾರಮ್ಮು ತೆಗೆದ. ಕಣ್ಣು ಮುಚ್ಚಿದ.

ಅಲ್ಲಿ ನಡೆದದ್ದನ್ನು ಮೋಸ ಎನ್ನುವವರು ಎನ್ನಲಿ. ನನಗೆ ಆ ಮಾತು ಬಾಯಿಗೆ ಬರುವುದಿಲ್ಲ. ಅವನ ಕಣ್ಣ ಮುಂದೆ ಈಶ್ವರ ರಾಯರು ಬಂದು ಕೂತರು, ಛತ್ರಿಯನ್ನು ಕುರ್ಚಿಯ ಎಡಕ್ಕೆ ತೂಗು ಹಾಕಿದರು. ಎಂಟನೇ ಪ್ರಶ್ನೆ: ಎ.ಸಿ. ಬೇಕೇ? ಬೇಡ, ಫ್ಯಾನ್ ಕೆಳಗಿನ ಕುರ್ಚಿ ಖಾಲಿಯಿದ್ದರೂ ಅವರು ಕೂರುವವರಲ್ಲ. ಏಳನೇ ಪ್ರಶ್ನೆ: ಬೇರೆಯವರ ಜೊತೆ ಕೂರುವುದು ಇಷ್ಟವೇ? ಇಷ್ಟ, ಹೆಂಡತಿ ತೀರಿಕೊಂಡ ಮೇಲೆ ಅವರು ಖಾಲಿ ಮೇಜಿಗೆ ಒಮ್ಮೆಯೂ ಕೂತಿಲ್ಲ. ಹಣಮಂತ ಬಂದ, ಎದ್ದು ಹೋದ. ಕಾಲೇಜು ಮೇಡಂ ಬಂದರು. ಒಬ್ಬೊಬ್ಬರೂ ಬಂದು, ಕೂತು, ಬಾಯಿ ತೆರೆಯದೆ ಹನ್ನೊಂದು ಉತ್ತರ ಕೊಟ್ಟು ಹೋದರು. ಫೋನ್ ನಂಬರುಗಳನ್ನು ಪಾರ್ಸೆಲ್ ಪುಸ್ತಕದಿಂದ ಇಳಿಸಿದ. ಮೂರು ಮಧ್ಯಾಹ್ನಗಳಲ್ಲಿ ಮುನ್ನೂರ ತೊಂಬತ್ತೊಂಬತ್ತು ಮನುಷ್ಯರು ಆ ಕೋಣೆಗೆ ಬಂದು ಹೋದರು. ಯಾವ ಫಾರಮ್ಮಿನಲ್ಲೂ "ಗೊತ್ತಿಲ್ಲ" ಎಂಬ ಚೌಕಕ್ಕೆ ಗುರುತು ಬೀಳಲಿಲ್ಲ. ದೂಜನಿಗೆ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ.

ಕೊನೆಗೆ ಗೃಹಿಣಿಯರ ಲೆಕ್ಕದಲ್ಲಿ ಒಬ್ಬಳು ಕಡಿಮೆ ಬಿದ್ದಳು. ನಲವತ್ತು ಬೇಕು, ಮೂವತ್ತೊಂಬತ್ತು ಇದ್ದರು. ನಾನೂರನೇ ಫಾರಮ್ಮಿನಲ್ಲಿ ದೂಜ "ನೀಲಾವತಿ" ಎಂದು ಬರೆದ. ಇದಕ್ಕೆ ಅವನು ಕಣ್ಣನ್ನೂ ಮುಚ್ಚಲಿಲ್ಲ. ಹೋಟೆಲಿನ ತಿಂಡಿ ಎಷ್ಟು ಸಲ? ದಿನಾ. ಇಷ್ಟದ ತಿಂಡಿ? ಪೈನಾಪಲ್ ಶೀರಾ. ಬೇರೆಯವರ ಜೊತೆ ಕೂರುವುದು? ಇಷ್ಟವಿಲ್ಲ. ಬೇರೆ ಏನಾದರೂ ಹೇಳುವುದಿದೆಯೇ? ಏನೂ ಇಲ್ಲ. ಒಂದು ನಿಮಿಷದಲ್ಲಿ ಮುಗಿಯಿತು.

"ಎಲ್ರೂ ಆಯ್ತಾ ಪಪ್ಪಾ?" ಎಂದಳು ಯಕ್ಷಿತಾ.

"ಎಲ್ಲರದ್ದೂ ಬರೆದಿದ್ದೇನೆ," ಎಂದ ದೂಜ. ಇದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ.

ಆದರೆ ಏಜೆನ್ಸಿಗಳಲ್ಲಿ ಒಂದು ಪದ್ಧತಿಯುಂಟು. ಬಂದ ಫಾರಮ್ಮುಗಳಲ್ಲಿ ಹತ್ತಕ್ಕೊಂದನ್ನು ಎತ್ತಿ, ಆ ಮನುಷ್ಯನಿಗೆ ಫೋನ್ ಮಾಡಿ, ನೀವು ಹೇಳಿದ್ದು ಇದೇ ಹೌದೇ ಎಂದು ಪರೀಕ್ಷಿಸುತ್ತಾರೆ. ಈ ಕೆಲಸಕ್ಕೆ ಇದ್ದವನು ಸಚಿನ. ತಪ್ಪು ಹಿಡಿಯುವುದರಲ್ಲಿ ಅವನಿಗೆ ಹೆಸರು. ಅವನು ಮೊದಲು ಹಣಮಂತನಿಗೆ ಫೋನ್ ಹಚ್ಚಿದ. ಮಾತು ಹಿಂದಿಯಲ್ಲಿ ಶುರುವಾಗಿ, ಹಣಮಂತನ ಕಡೆಯಿಂದ ಮಾತ್ರ ಎರಡು ವಾಕ್ಯದ ಮೇಲೆ ವಿಜಯಪುರಕ್ಕೆ ಇಳಿಯಿತು; ಸಚಿನನಿಗೆ ಅಷ್ಟು ಕನ್ನಡ ತಿಳಿಯುತ್ತಿತ್ತು.

"ನಿಮಗೆ ಎ.ಸಿ. ಬೇಡ ಎಂದು ಹೇಳಿದ್ದೀರಿ. ಸರಿಯೇ?"

"ಯಾರ್ ಬರದಾರ್ರೀ ಹಂಗ?"

"ವೇಟರ್ ದೂಜ."

"ದೂಜಣ್ಣ ಬರದಾನಂದ್ರ ಖರೇನ ಇರತೈತಿ. ಬ್ಯಾಡ್ರೀ ನನಗ ಎ.ಸಿ. ಮೂಟಿ ಹೊತ್ತ ಮೈ, ಥಂಡಿ ಹತ್ತಿದ್ರ ಸೊಂಟ ಹಿಡೀತೈತಿ. ಆದ್ರ ಇದು ಅಂವಗ ಹೆಂಗ ಗೊತ್ತಾತು?"

"ನೀವೇ ಹೇಳಿದ್ದಲ್ಲವೇ?"

"ನಾ ಯಾಕ ಹೇಳ್ಲಿ? ಅಂವಾ ಯಾಕ ಕೇಳ್ಯಾನು?"

ಸಚಿನನ ಮುಂದಿದ್ದ ತಪಾಸಣೆಯ ಹಾಳೆಯಲ್ಲಿ ಎರಡೇ ಕಾಲಮ್ಮು: ಉತ್ತರ ಸರಿ, ಉತ್ತರ ತಪ್ಪು. ಕೇಳಲೇ ಇಲ್ಲ ಆದರೂ ಸರಿ ಎಂಬುದಕ್ಕೆ ಕಾಲಮ್ಮು ಇರಲಿಲ್ಲ. ಅವನು ಸರಿ ಎಂದು ಗುರುತು ಹಾಕಿದ. ಈಶ್ವರ ರಾಯರು ಸರಿ. ಕಾಲೇಜು ಮೇಡಂ ಸರಿ. ಹದಿನೈದು, ಇಪ್ಪತ್ತೆರಡು, ಮೂವತ್ತು. ಸಾಮಾನ್ಯವಾಗಿ ಹತ್ತರಲ್ಲಿ ಇಬ್ಬರಾದರೂ ತಾವು ಹೇಳಿದ್ದನ್ನೇ ಇಲ್ಲವೆನ್ನುತ್ತಾರೆ. ಅದು ಮನುಷ್ಯ ಸ್ವಭಾವ. ಇಲ್ಲಿ ಮೂವತ್ತೊಂಬತ್ತು ಫೋನಿಗೆ ಮೂವತ್ತೊಂಬತ್ತೂ ಸರಿ. ಸಚಿನ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದ. ನಲವತ್ತನೆಯದು ನಾನೂರನೇ ನಂಬರಿನ ಫಾರಮ್ಮು.

"ನಿಮಗೆ ಪೈನಾಪಲ್ ಶೀರಾ ಇಷ್ಟ ಎಂದು ಹೇಳಿದ್ದೀರಿ."

"ಯಾರಿಗೆ, ನನಗಾ?" ಎಂದಿತು ಹೆಣ್ಣು ಧ್ವನಿ, ಒಡಕು ಹಿಂದಿಯಲ್ಲಿ. "ನಾನು ಶೀರಾ ಮುಟ್ಟುವುದಿಲ್ಲ. ಬರುವುದನ್ನೆಲ್ಲ ಪಕ್ಕದ ರೂಮಿನ ಹಾಲವ್ವನಿಗೆ ಕೊಡ್ತೇನೆ. ಪಾಪ, ಅವಳಿಗೀಗ ಶುಗರ್."

"ಹೋಟೆಲಿಗೆ ದಿನಾ ಬರುತ್ತೀರಿ?"

"ಹೋಟೆಲಿನ ಬಾಗಿಲು ಯಾವ ಕಡೆಗುಂಟು ಅಂತಲೂ ನನಗೆ ಗೊತ್ತಿಲ್ಲ."

ಹೆಸರೊಂದು ಬಿಟ್ಟರೆ ಹತ್ತಕ್ಕೆ ಹತ್ತೂ ತಪ್ಪು. ಸಚಿನನಿಗೆ ಜೀವ ಬಂತು.

ಒಂದು ಫಾರಮ್ಮು ಕಟ್ಟುಕಥೆ ಎಂದಾದರೆ ಬರೆದವನ ಎಲ್ಲ ಫಾರಮ್ಮುಗಳೂ ಕಸದ ಬುಟ್ಟಿಗೆ. ಇದು ನಿಯಮ. ಅವನನ್ನು ಕರೆತಂದವಳ ಗತಿ ಏನೆಂದು ನಿಯಮದಲ್ಲಿ ಬರೆದಿರಲಿಲ್ಲ, ಬರೆಯುವ ಅಗತ್ಯವಿರಲಿಲ್ಲ. ಮರುದಿನ ಶೀತಲ್ ಮೇಡಂ ಯಕ್ಷಿತಾಳನ್ನು ಕರೆದುಕೊಂಡು ನೇರ ಪದ್ಮವಿಲಾಸಕ್ಕೇ ಬಂದರು. ಯಕ್ಷಿತಾಳ ಮುಖ ಹಾಲಿಲ್ಲದ ಕಾಫಿಯ ಹಾಗಿತ್ತು. ನಾನೂರನೇ ಫಾರಮ್ಮಿನಲ್ಲಿದ್ದದ್ದು ತನ್ನ ತಾಯಿಯ ಹೆಸರು ಎಂದು ಅವಳು ಇನ್ನೂ ಬಾಯಿ ಬಿಟ್ಟಿರಲಿಲ್ಲ.

ಮೇಡಂ ಉದ್ದ ಮೇಜಿನ ಕೊನೆಯಲ್ಲಿ ಕೂತು ಫೈಲು ತೆರೆದರು. ಒಂದು ಕಪ್ಪು ಕಾಫಿ ಹೇಳಿ ಮಾತು ಶುರು ಮಾಡೋಣವೆಂದು ತಲೆಯೆತ್ತುವಷ್ಟರಲ್ಲಿ ದೂಜ ಬಂದು ಹೋಗಿಯಾಗಿತ್ತು. ಅವರ ಮುಂದೆ ಒಂದು ಲೋಟ ಬಿಸಿ ಸಾರು, ಮೆತ್ತಗೆ ಕಲಸಿದ ಮೊಸರನ್ನ. ಒಗ್ಗರಣೆಯಲ್ಲಿ ಮೆಣಸಿಲ್ಲ.

ಶೀತಲ್ ಮೇಡಂಗೆ ಎರಡು ದಿನದಿಂದ ಗಂಟಲು ನೋವು. ಬಿಸ್ಕತ್ತು ಬಿಟ್ಟು ಏನೂ ನುಂಗಿರಲಿಲ್ಲ. ಆಫೀಸಿನಲ್ಲಿ ಒಬ್ಬರಿಗೂ ಹೇಳಿರಲಿಲ್ಲ. ಹೇಳಿದರೆ ಬಾಸ್‌ಗೂ ಗಂಟಲಿದೆ ಎಂದಾಗುತ್ತದೆ. ಅವರು ಸಾರು ಕುಡಿದರು. ಅನ್ನ ತಿಂದರು. ತಟ್ಟೆ ಖಾಲಿಯಾಯಿತು. ಆಮೇಲೆ ದೂಜನನ್ನು ಕರೆದು ಬಹಳ ಮೆಲ್ಲಗೆ ಹೇಳಿದರು. ಹಿಂದಿಯಲ್ಲಿ ಹೇಳಿದ್ದು, ಅರ್ಥ ಹೀಗೆ.

"ನೀವು ನನ್ನನ್ನು ಕೇಳಲೇ ಇಲ್ಲ."

"ಕೇಳುವುದು ಎಂತಕ್ಕೆ ಮೇಡಂ? ಗೊತ್ತಾಗ್ತದಲ್ಲ."

"ಆ ನಾನೂರು ಜನ?"

ದೂಜ ಹೆಗಲ ಮೇಲಿನ ಬಟ್ಟೆ ತೆಗೆದು ಒರೆಸಿದ್ದ ಜಾಗವನ್ನೇ ಮತ್ತೆ ಒರೆಸಿದ. "ಅವರನ್ನೂ ಹಾಗೆಯೇ," ಎಂದ.

ಯಕ್ಷಿತಾ ಕಣ್ಣು ಮುಚ್ಚಿಕೊಂಡಳು. ಗಲ್ಲಾದಲ್ಲಿ ಧನರಾಜ ಶೆಟ್ಟರು ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿದರು. ಶೀತಲ್ ಮೇಡಂ ಫೈಲಿನಿಂದ ಒಂದು ಹಾಳೆ ಹೊರಗೆಳೆದು ಮೇಜಿನ ಮೇಲೆ ಇಟ್ಟರು.

"ನಾನು ಹದಿನಾರು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಮೂವತ್ತೊಂಬತ್ತರಲ್ಲಿ ಮೂವತ್ತೊಂಬತ್ತು ನಾನು ನೋಡಿಲ್ಲ, ಇನ್ನು ನೋಡುವುದೂ ಇಲ್ಲ. ಮಾಟುಂಗದಲ್ಲಿ ಎಲ್ಲರನ್ನೂ ಬಲ್ಲವರಿಗೆ ಇವರೊಬ್ಬರು ಮಾತ್ರ ಯಾಕೆ ಗೊತ್ತಾಗಲಿಲ್ಲ? ಯಾರು ಈ ನೀಲಾವತಿ?"

"ಹೆಂಡತಿ," ಎಂದ ದೂಜ.

ಮೇಡಂ ನಗಲಿಲ್ಲ. ಪಕ್ಕದಲ್ಲಿ ಪೂರಿ ತಿನ್ನುತ್ತಿದ್ದ ಅಪರಿಚಿತನೂ ನಗಲಿಲ್ಲ; ಅವನಿಗೂ ಮದುವೆಯಾಗಿತ್ತು.

ತೀರ್ಪು ಹೀಗಾಯಿತು. ನಾನೂರೂ ರದ್ದು. ಹತ್ತು ದಿನದಲ್ಲಿ ಯಕ್ಷಿತಾ ತಾನೇ ನಾನೂರು ಜನರನ್ನು ಬಾಯಿಬಿಟ್ಟು ಕೇಳಿ, ಅವರು ಬಾಯಿಬಿಟ್ಟು ಹೇಳಿದ್ದನ್ನು ಬರೆಯಬೇಕು. ನೀಲಾವತಿಯ ಫಾರಮ್ಮು ಮಾತ್ರ ದೂಜನೇ ತುಂಬಬೇಕು, ಕೇಳಿ. ಹತ್ತನೇ ದಿನ ಸಂಜೆ ಐದಕ್ಕೆ ನಾನೂರು ಇದ್ದರೆ ನೌಕರಿ ಖಾಯಂ. ಮುನ್ನೂರ ತೊಂಬತ್ತೊಂಬತ್ತು ಇದ್ದರೆ ಇಲ್ಲ.

ಜನ ಯಕ್ಷಿತಾಳಿಗೂ ನಿಲ್ಲಲಿಲ್ಲ. ಮೊದಲ ದಿನ ಆರು ಉತ್ತರ. ಎರಡನೇ ದಿನ ದೂಜ ಹೋಟೆಲಿನ ನಡುವೆ ನಿಂತು, ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿ ಧ್ವನಿ ಏರಿಸಿದ.

"ಇವಳು ನನ್ನ ಮಗಳು. ಕೆಲವು ಪ್ರಶ್ನೆ ಕೇಳ್ತಾಳೆ. ಉತ್ತರ ಕೊಡದಿದ್ದವರಿಗೆ ಇನ್ನು ಮೇಲೆ ನಾನೂ ಕೇಳಿಯೇ ಕೊಡುವುದು."

ಕೇಳಿ ಕೊಡುವುದೆಂದರೆ ಮೆನು ಓದಬೇಕು. ಪದ್ಮವಿಲಾಸದಲ್ಲಿ ಮೆನು ಕಂಡವರಿರಲಿಲ್ಲ. ಹುಡುಕಿದಾಗ ಗಣಪತಿ ಫೋಟೋದ ಹಿಂದೆ ಒಂದು ಸಿಕ್ಕಿತು. ಅದರಲ್ಲಿ ಕಾಫಿಗೆ ಎಂಟು ರೂಪಾಯಿ ಇತ್ತು. ಧನರಾಜ ಶೆಟ್ಟರು ಅದನ್ನು ಗಬಕ್ಕನೆ ಕಿಸೆಗೆ ತುರುಕಿಕೊಂಡು, ಹೊಸದಕ್ಕೆ ಆರ್ಡರ್ ಕೊಟ್ಟರು. ಅಂದೇ ಈಶ್ವರ ರಾಯರು ಎಲ್ಲರಿಗಿಂತ ಮೊದಲು ಎದ್ದು, "ಬಾಮ್ಮ, ನನ್ನಿಂದ ಶುರು ಮಾಡು," ಎಂದರು. ಯಕ್ಷಿತಾಳ ಹಿಂದೆ ಸಾಲು ಬೆಳೆಯಿತು.

ಕೇಳಿದಾಗ ಒಂದು ವಿಚಿತ್ರ ಕಂಡಿತು. ಫೋನಿನಲ್ಲಿ ಎಲ್ಲಕ್ಕೂ ಸರಿ ಎಂದಿದ್ದ ರಾಯರು ಏಳನೇ ಪ್ರಶ್ನೆಗೆ ಛತ್ರಿಯ ಹಿಡಿ ತಿರುಗಿಸುತ್ತಾ, "ಗೊತ್ತಿಲ್ಲ ಅಂತ ಬರಿ," ಎಂದರು. "ಕೆಲವು ದಿನ ಜೊತೆ ಬೇಕು. ಕೆಲವು ದಿನ ಯಾರೂ ಬೇಡ." ಪಕ್ಕದಲ್ಲೇ ತಟ್ಟೆ ಎತ್ತುತ್ತಿದ್ದ ದೂಜ ಅಲ್ಲೇ ನಿಂತ. ಯಾರೂ ಬೇಡದ ದಿನ ರಾಯರ ಮುಖ ಹೇಗಿರುತ್ತದೆ ಎಂದು ನೆನೆಯಲು ನೋಡಿದ. ನೆನಪಾಗಲಿಲ್ಲ. ಅಂಥ ದಿನ ಅವರು ಹೋಟೆಲಿಗೇ ಬರುತ್ತಿರಲಿಲ್ಲ. ಹಾಗೆ ನಾನೂರರಲ್ಲಿ ನಲವತ್ತಾರು ಜನ ಏಳನೆಯದಕ್ಕೆ ಗೊತ್ತಿಲ್ಲ ಎಂದರು. ಮನುಷ್ಯನಿಗೆ ತನ್ನ ಮನಸ್ಸೇ ಗೊತ್ತಿಲ್ಲದಿರಬಹುದು, ಅದಕ್ಕೂ ಸರಕಾರಿ ಫಾರಮ್ಮಿನಂಥ ಫಾರಮ್ಮಿನಲ್ಲಿ ಒಂದು ಚೌಕ ಇಟ್ಟಿದ್ದಾರೆ ಎಂಬುದು ದೂಜನಿಗೆ ಎ.ಸಿ.ಗಿಂತ ದೊಡ್ಡ ಸಂಗತಿಯಾಗಿ ಕಂಡಿತು.

ಹತ್ತನೇ ದಿನ ಮಧ್ಯಾಹ್ನ ಮುನ್ನೂರ ತೊಂಬತ್ತೊಂಬತ್ತು ಆಗಿತ್ತು. ಒಂಬತ್ತು ದಿನವೂ ದೂಜ ಫಾರಮ್ಮನ್ನು ಮನೆಗೆ ಒಯ್ದು, ಒಂಬತ್ತು ದಿನವೂ ಖಾಲಿ ವಾಪಸು ತಂದಿದ್ದ. ಎರಡು ಸಾವಿರ ಜನರಿಗೆ ಬಡಿಸಿದವನಿಗೆ ಒಬ್ಬಳ ಮುಂದೆ ಬಾಯಿ ಬರಲಿಲ್ಲ.

"ಪಪ್ಪಾ, ಐದು ಗಂಟೆ," ಎಂದಷ್ಟೇ ಹೇಳಿದಳು ಯಕ್ಷಿತಾ.

ಅವನು ಮನೆಗೆ ಹೋದ. ಕೈಯಲ್ಲಿ ಶೀರಾ ಇರಲಿಲ್ಲ. ನೀಲಾವತಿ ಬಟ್ಟೆ ಮಡಚುತ್ತಿದ್ದಳು. ಹಾಲವ್ವ ಹೊಸ್ತಿಲಲ್ಲಿ ಕೂತಿದ್ದಳು.

"ಇವತ್ತ ಶೀರಾ ಇಲ್ಲೇನ್ರಿ ಅಣ್ಣಾರ?" ಎಂದಳು ಹಾಲವ್ವ.

"ಇಲ್ಲ. ನೀಲಾ, ಒಂದು... ಮೊದಲ ಪ್ರಶ್ನೆ ಹೆಸರು. ಅದು ಗೊತ್ತುಂಟು. ಎರಡನೇದು. ನೀವು ಹೋಟೆಲ್ ಪದ್ಮವಿಲಾಸಕ್ಕೆ ಎಷ್ಟು ಸಲ ಬಂದಿದ್ದೀರಿ?"

"ಒಮ್ಮೆಯೂ ಇಲ್ಲ."

"ಒಮ್ಮೆಯೂ?"

"ನೀವು ಕರೆದದ್ದು ಯಾವಾಗ? ಮನೆಯವಳಿಗೆ ಹೋಟೆಲು ಸೇರುವುದಿಲ್ಲ ಅಂತ ಹಾಲವ್ವನ ಎದುರೇ ಎಷ್ಟು ಸಲ ಹೇಳಿಲ್ಲ? ನಾನು ಕೇಳಿಸಿಕೊಂಡು, ಹೌದಾ, ನನಗೆ ಸೇರುವುದಿಲ್ಲ ಕಾಣ್ತದೆ ಅಂತ ಸುಮ್ಮನಾದೆ."

"ಖರೇರೀ ಅಣ್ಣಾರ," ಎಂದಳು ಹಾಲವ್ವ. "ಹಂಗ ಹೇಳಾವ್ರು ನೀವ."

ನೀಲಾವತಿ ಸೀರೆ ಮಡಚಿಟ್ಟಳು. "ಯಕ್ಷಿತಾ ಹೇಳಿದ್ದಾಳೆ, ಹೋಟೆಲಿಗೆ ಬಂದವರದ್ದು ಮಾತ್ರ ಲೆಕ್ಕ ಅಂತ. ಬಾರದವಳ ಫಾರಮ್ಮು ನಡೆಯುವುದಿಲ್ಲ."

ದೂಜ ಗಡಿಯಾರ ನೋಡಿದ. ಮೂರೂ ನಲವತ್ತು. ಬೇರೆ ದಾರಿ ಇರಲಿಲ್ಲ. ನೀಲಾವತಿ ಈಗ ಮಡಚಿಟ್ಟ ಸೀರೆಯನ್ನೇ ಬಿಡಿಸಿ ಉಟ್ಟಳು. ಟ್ಯಾಕ್ಸಿ ಹಿಡಿದರು. ಹಾಲವ್ವನೂ ಹತ್ತಿದಳು; ಅವಳನ್ನೂ ಯಾರೂ ಕೇಳಲಿಲ್ಲ.

ಪದ್ಮವಿಲಾಸದಲ್ಲಿ ಉದ್ದ ಮೇಜಿನಲ್ಲಿ ಎರಡೇ ಕುರ್ಚಿ ಖಾಲಿ ಇದ್ದವು, ಹಣಮಂತನ ಎದುರು. ಹಣಮಂತ ಮೊಣಕೈ ಒಳಗೆಳೆದುಕೊಂಡು ಜಾಗ ಮಾಡಿಕೊಟ್ಟ.

"ಕುಂದರ್ರೀ ಅಕ್ಕಾರ. ಭಾಳ ಮಂದಿ ಐತಿ. ಚಿಂತಿ ಮಾಡಬ್ಯಾಡ್ರಿ, ಇಲ್ಲಿ ಬಾಯಿ ತಗಿಯೂದು ಬೇಕಿಲ್ಲ, ದೂಜಣ್ಣ ತಾನ ತರತಾನ."

"ಹೌದಾ?" ಎಂದಳು ನೀಲಾವತಿ.

ಅವಳು ಕೂತಳು. ಮೇಜಿನ ಕಲ್ಲನ್ನು ಅಂಗೈಯಿಂದ ಸವರಿದಳು. ಮೇಲೆ ಫ್ಯಾನು, ಗೋಡೆಯಲ್ಲಿ ಗಣಪತಿ, ಎದುರಿಗೆ ಸೊರ್ ಎಂದು ಸಾಂಬಾರು ಕುಡಿಯುವ ಅಪರಿಚಿತ. ಗಂಡ ದಿನಾ ಬೆಳಿಗ್ಗೆ ಎದ್ದು ಹೋಗುತ್ತಿದ್ದ ಜಾಗವನ್ನು ಅವಳು ಕೇದಾರನಾಥದ ಯಾತ್ರೆಗೆ ಬಂದವಳ ಹಾಗೆ ನೋಡಿದಳು.

ದೂಜ ಅವಳ ಮುಂದೆ ಬಂದು ನಿಂತ. ಕೈ ಖಾಲಿ. ಇದನ್ನು ಮೊದಲು ಕಂಡವರು ಆ ದಿನ ಸಂಜೆಯ ಕಾಫಿಗೂ ಬಂದಿದ್ದ ಈಶ್ವರ ರಾಯರು. ಆಮೇಲೆ ಹಣಮಂತ. ಆಮೇಲೆ ಇಡೀ ಸಾಲು. ಅಡುಗೆಯವನು ಕಿಂಡಿಯಲ್ಲಿ ತಲೆ ಹಾಕಿದ.

"ನಿನಗೆ ಎಂತ ಬೇಕು?" ಎಂದು ದೂಜ ಕೇಳಿದ.

ರಾಯರು ಈ ಸಲ ಕೈ ಎತ್ತಿಸಲಿಲ್ಲ. ನೀಲಾವತಿ ಅವಸರ ಮಾಡಲಿಲ್ಲ. ಹೊಸ ಮೆನು ತೆಗೆದು ಮ್ಯಾಂಗೋ ಮಿಲ್ಕ್‌ಶೇಕಿನವರೆಗೆ ಒಂದೊಂದೇ ಸಾಲು ಓದಿದಳು. ಆರು ನಿಮಿಷ. ಯಕ್ಷಿತಾ ಗಡಿಯಾರ ನೋಡಿದಳು.

"ಖಾರ ಇಲ್ಲದ್ದು ಎಂತ ಉಂಟು?" ಎಂದಳು ನೀಲಾವತಿ.

ರತ್ನಾಗಿರಿಯ ಪ್ಲಾಟ್‌ಫಾರ್ಮು, ಎರಡು ವಡಾಪಾವ್, ಕಣ್ಣೀರು, ಇವೆಲ್ಲ ಸಾಲಾಗಿ ಬಂದು ದೂಜನ ಮುಂದೆ ಕೂತವು. ಕೊನೆಗೆ, "ನೀರುದೋಸೆ ಉಂಟು. ಕಾಯಿಹಾಲಿನ ಜೊತೆ," ಎಂದ.

"ಎರಡು ಕೊಡಿ. ಹಾಲವ್ವನಿಗೆ ಎಂತ ಬೇಕು ಅಂತ ಅವಳನ್ನೇ ಕೇಳಿ."

ಹನ್ನೊಂದನೇ ಪ್ರಶ್ನೆ, ಬೇರೆ ಏನಾದರೂ ಹೇಳುವುದಿದೆಯೇ ಎಂಬುದು. ಅದಕ್ಕೆ ಫಾರಮ್ಮಿನಲ್ಲಿ ಎರಡು ಗೆರೆ ಜಾಗ. ನೀಲಾವತಿಯ ಉತ್ತರ ಆ ಹಾಳೆಯ ಹಿಂಭಾಗ ತುಂಬಿ, ಎರಡು ಬಿಲ್ಲುಗಳ ಹಿಂಭಾಗಕ್ಕೆ ಹೋಯಿತು. ದೂಜ ಒಂದು ಮಾತನ್ನೂ ಬಿಡದೆ ಬರೆದ. ಅದರಲ್ಲಿ ಏನಿತ್ತೆಂದು ನಾನು ಹೇಳುವ ಹಾಗಿಲ್ಲ. ಸಮೀಕ್ಷೆಯ ಉತ್ತರಗಳು ಗೋಪ್ಯ. ಫೋಟೋ ತೆಗೆದು ಕಳಿಸಿದ್ದು ಐದಕ್ಕೆ ಎರಡು ನಿಮಿಷ ಇರುವಾಗ.

ಉದ್ದ ಮೇಜು ಇರಲಿ ಎಂದವರು ನೂರಕ್ಕೆ ಅರವತ್ತೊಂದು. ದೂಜ ಅಕ್ಕಿ ಮೂಟೆಯ ಮೇಲೆ ಕೂತು ಬರೆದಾಗ ಬಂದದ್ದು ಅರವತ್ತಮೂರು. ಶೀತಲ್ ಮೇಡಂ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರಂತೆ. ಮೊದಲ ಹಾಳೆಯನ್ನು ಕಸದ ಬುಟ್ಟಿಗೆ ಹಾಕದೆ ಡ್ರಾಯರಿನಲ್ಲಿ ಇಟ್ಟುಕೊಂಡರಂತೆ. ಧನರಾಜ ಶೆಟ್ಟರು ಮೇಜು ತೆಗೆಸಲಿಲ್ಲ. "ಅರವತ್ತೊಂದು ಶೇಕಡಾ ಮಾಟುಂಗ ಜೊತೆಯಾಗಿ ಕೂರುತ್ತದೆ" ಎಂದು ಬಾಗಿಲಿಗೆ ಬ್ಯಾನರ್ ಕಟ್ಟಿಸಿ, ಇದು ಮೊದಲಿನಿಂದಲೂ ತಮ್ಮದೇ ವಿಚಾರ ಎಂದು ಪೇಪರಿನವರಿಗೆ ಹೇಳಿದರು. ಯಕ್ಷಿತಾಳ ನೌಕರಿ ಖಾಯಂ ಆಯಿತು.

ರತ್ನಾಗಿರಿ ಸ್ಟೇಶನ್ನಿನಲ್ಲಿ ಕೊಟ್ಟ ಮಾತನ್ನು ದೂಜ ಆ ದಿನ ಸಂಜೆ ನಾಲ್ಕೂ ಇಪ್ಪತ್ತಕ್ಕೆ, ಒಂದು ಸಲ, ನಡೆಸಿಕೊಟ್ಟ.